ಪಕ್ಷದ ಗುರುವಾರ ಹೆಸರು ಬರೆಯುವ ಗೋದಾಬಾಯಿ

ಇನ್ನೂ ಬೆಳಕು ಹರಿದಿಲ್ಲ. ಪುಣೆ ಜಿಲ್ಲೆಯ ಶಿರೂರಿನ ಈಚೆ, ಮುಚ್ಚಿಹೋದ ಕಾರ್ಖಾನೆಯೊಂದರ ಆವರಣದಲ್ಲಿ ನೀರಿನ ಟ್ಯಾಂಕರು ನಿಧಾನವಾಗಿ ಸಾಗುತ್ತ ಎರಡು ಕಿಲೋಮೀಟರು ಉದ್ದದ ಸಿಮೆಂಟು ರಸ್ತೆಯನ್ನು ತೋಯಿಸುತ್ತಿದೆ. ಗೇಟಿನ ಪಕ್ಕದಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಗೋದಾಬಾಯಿ ಹುಯಿಲಗೋಳ ಕುಳಿತಿದ್ದಾರೆ. ಮೈಮೇಲೆ ಶಾಲು, ತೊಡೆಯ ಮೇಲೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ. ಕೆಲವು ಗುರುವಾರ ಅದರಲ್ಲಿ ಆರು ಹೆಸರು ಇರುವುದುಂಟು. ಇಂದು ಎರಡೇ ಇವೆ. ಪುಣೆಯ ಕ್ಯಾಂಪ್ ಬಡಾವಣೆಯ ಪಾರ್ಸಿ ಡಾಕ್ಟರೊಬ್ಬರು ಆಗಲೇ ಬಂದು ಚಹಾ ಕುಡಿಯುತ್ತಿದ್ದಾರೆ. ಎರಡನೆಯ ಹೆಸರಿನ ಮುಂದೆ ಗುರುತು ಬಿದ್ದಿಲ್ಲ. ಗೋದಾಬಾಯಿ ರಸ್ತೆಯ ಕಡೆ ನೋಡುತ್ತಾರೆ, ವಹಿಯ ಕಡೆ ನೋಡುತ್ತಾರೆ, ಮತ್ತೆ ರಸ್ತೆಯ ಕಡೆ ನೋಡುತ್ತಾರೆ.

ಇಂದು ಸರ್ವಪಿತೃ ಅಮಾವಾಸ್ಯೆ. ಪಿತೃಪಕ್ಷದ ಕೊನೆಯ ದಿನ. ಇಂಥ ದಿನ ಯಾರೂ ಹೊಸ ಕೆಲಸ ಹಿಡಿಯುವುದಿಲ್ಲ. ಹೊಸ ಕಾರಿನ ಮಾತಂತೂ ದೂರವೇ ಉಳಿಯಿತು.

ಪುಣೆಯ ಮೋಟಾರು ಮಳಿಗೆಯೊಂದು ಪರದೇಶದ ವೇಗದ ಕಾರುಗಳನ್ನು ಮಾರುತ್ತದೆ. ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಕಾರುಗಳವು. ಅವನ್ನು ಕೊಂಡವರಿಗೆಲ್ಲ ಒಂದು ದಿನದ ಚಾಲನೆಯ ಪಾಠವಿದೆ. ಒದ್ದೆ ರಸ್ತೆಯಲ್ಲಿ ಹೇಗೆ ನಿಲ್ಲಿಸಬೇಕು, ಜಾರಿದ ಗಾಡಿಯನ್ನು ಹೇಗೆ ಹತೋಟಿಗೆ ತರಬೇಕು ಎಂಬುದನ್ನು ಮಳಿಗೆ ನಡೆಸುವ ಶಾಲೆಯದೇ ಕಾರಿನಲ್ಲಿ ಕಲಿಸುತ್ತಾರೆ. ಪಾಠದ ಬೆಲೆ ಕಾರಿನ ಬೆಲೆಯಲ್ಲೇ ಸೇರಿದೆ. ಆದರೂ ತಾವಾಗಿ ಬಂದು ದಿನ ಗೊತ್ತುಮಾಡಿಕೊಳ್ಳುವವರು ಕಡಿಮೆ. ಅವರನ್ನು ಹಿಡಿದು, ಒಪ್ಪಿಸಿ, ಒಂದು ಗುರುವಾರಕ್ಕೆ ಹೆಸರು ಬರೆಯುವುದು ಗೋದಾಬಾಯಿಯವರ ಕೆಲಸ. ಈ ಕೆಲಸಕ್ಕೆ ಬಿರುದಿಲ್ಲ. ಮಳಿಗೆಯ ಗೋಡೆಯ ಮೇಲಿನ ಫೋಟೋಗಳಲ್ಲಿ ಅವರು ಎಲ್ಲಿಯೂ ಇಲ್ಲ.

ಅವರಿಗೆ ಈಗ ಐವತ್ತಮೂರು. ತವರು ಬೆಳಗಾವಿ. ಮದುವೆಯಾಗಿ ಪುಣೆಯ ಖಡಕಿಗೆ ಬಂದರು. ಪತಿ ಅವಧೂತರಾಯರು ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದು ನಿವೃತ್ತರಾಗಿದ್ದಾರೆ. ಗೋದಾಬಾಯಿ ಹದಿನಾರು ವರ್ಷ ಒಂದು ಯಂತ್ರೋಪಕರಣದ ಕಂಪನಿಯಲ್ಲಿ ಟೆಲಿಫೋನ್ ಆಪರೇಟರಾಗಿದ್ದರು. ತೊಂಬತ್ತಾರರಲ್ಲಿ ತಾನೇ ಕರೆ ಜೋಡಿಸುವ ಯಂತ್ರ ಬಂತು. ಕಂಪನಿಯವರು ಒಂದು ಶಾಲು, ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದರು. ಇಂದು ಅವರು ಹೊದ್ದಿರುವುದು ಅದೇ ಶಾಲು. ಎರಡು ವರ್ಷ ಕೆಲಸವಿಲ್ಲದೆ ಕುಳಿತ ಮೇಲೆ ಈ ಮಳಿಗೆಯವರು ಅವರ ದನಿ ಕೇಳಿ ಸೇರಿಸಿಕೊಂಡರು.

ಅವರಿಗೆ ಕಾರು ನಡೆಸಲು ಬರುವುದಿಲ್ಲ. ಖಡಕಿಯಿಂದ ಹೋಳ್ಕರ್ ಸೇತುವೆ ದಾಟಿ ಯೆರವಡಾದ ಕಚೇರಿಗೆ ಬಸ್ಸಿನಲ್ಲಿ ಬರುತ್ತಾರೆ. "ಮೂವತ್ತ ವರ್ಷ ನಾ ಸೈಕಲ್ ಮ್ಯಾಲ ಫ್ಯಾಕ್ಟರಿಗೆ ಹೋದೆ. ಒಂದ್ ದಿವಸ ನನಗ ಸಾವಕಾಶ ಹೋಗ್ರಿ ಅನ್ಲಿಲ್ಲ ಈಕಿ. ಈಗ ಊರ ಮಂದಿಗೆಲ್ಲಾ ಅಂತಾಳ" ಎಂದು ಅವಧೂತರಾಯರು ಹಂಗಿಸುತ್ತಾರೆ. "ನಿಮ್ಮ ಸೈಕಲ್ಲಿಗೆ ಬ್ರೇಕ್ ಎಲ್ಲಿತ್ರಿ? ನಿಮಗ ಹೇಳಿ ಏನ್ ಉಪಯೋಗ?" ಎನ್ನುತ್ತಾರೆ ಈಕೆ.

ದಿನಕ್ಕೆ ಮೂವತ್ತೈದು, ನಲವತ್ತು ಕರೆಗಳು. ನಾಲ್ಕು ವರ್ಷಗಳಲ್ಲಿ ಆ ಕಾರು ಕೊಂಡವರು ನೂರ ಎಂಬತ್ತಾರು ಜನ. ಪಾಠಕ್ಕೆ ಬಂದವರು ನೂರ ಇಪ್ಪತ್ತೊಂದು. ಅರವತ್ತೈದು ಜನ ಬಂದಿಲ್ಲ. ಅವರಲ್ಲಿ ಅರವತ್ತನಾಲ್ಕು ಮನೆಗಳಿಗೆ ಗೋದಾಬಾಯಿ ಇಂದಿಗೂ ಫೋನು ಮಾಡುತ್ತಾರೆ.

ಅವರ ರೀತಿಯೇ ಬೇರೆ. ಕಾರು ಕೊಂಡವನ ಮೊಬೈಲಿಗೆ ಅವರು ಒಮ್ಮೆ ಮಾತ್ರ ಕರೆ ಮಾಡುತ್ತಾರೆ. "ಮಾವಶಿ, ಹದಿನಾರನೇ ವರ್ಷದಿಂದ ಗಾಡಿ ಹೊಡೀತೀನಿ, ನನಗೇನು ಕಲಿಸ್ತೀರಿ" ಎಂದು, ಮರಾಠಿಯಲ್ಲಿ ಚಿಕ್ಕಮ್ಮನೆಂದು ಕರೆದು, ಆತ ನಗುತ್ತಾನೆ. ಆಮೇಲೆ ಅವರು ಮನೆಯ ಫೋನಿಗೆ ಕರೆ ಮಾಡುತ್ತಾರೆ. ಅದೂ ಹನ್ನೊಂದು ಗಂಟೆಗೆ, ಬೆಳಗಿನ ಅಡುಗೆಮನೆಯ ಕೆಲಸ ಮುಗಿದ ಹೊತ್ತಿಗೆ. ಮಳಿಗೆಯ ಅರ್ಜಿಯಲ್ಲಿ ಕಾರಿನ ನಂಬರಿದೆ, ಬಣ್ಣವಿದೆ, ಬ್ಯಾಂಕಿನ ಹೆಸರಿದೆ. ಗೋದಾಬಾಯಿಯ ವಹಿಯಲ್ಲಿ ಮಾತ್ರ ಇನ್ನೊಂದು ಅಂಕಣವಿದೆ: ತಾಯಿಯ ಹೆಸರು.

"ಗಾಡಿ ಎಷ್ಟು ಜೋರ ಓಡತದ ಅಂತ ಮಗಗ ಗೊತ್ತಿರತದ. ಎಷ್ಟೊತ್ತಿಗೆ ಮನಿಗೆ ಬರಬೇಕು ಅಂತ ತಾಯಿಗೆ ಗೊತ್ತಿರತದರಿ. ನಾ ಆಕಿ ಜೋಡಿನ ಮಾತಾಡತೀನಿ" ಎನ್ನುತ್ತಾರೆ.

ಬಾರದೆ ಉಳಿದ ಅರವತ್ತೈದರಲ್ಲಿ ಅವರು ಫೋನು ಮಾಡದ ಮನೆ ಒಂದಿದೆ. ವಹಿಯ ಆ ಪುಟವನ್ನು ಅವರೇ ತೆರೆದು ತೋರಿಸುತ್ತಾರೆ. ಸಾತ್ವಿಕ, ವಯಸ್ಸು ಇಪ್ಪತ್ತಮೂರು. ತಾಯಿ ರಂಜನಾ. ದಿನಾಂಕ ೨೯ ಸೆಪ್ಟೆಂಬರ್ ೨೦೦೫, ಗುರುವಾರ. ಆ ದಿನಾಂಕದ ಮೇಲೆ ಅಡ್ಡಗೆರೆ ಬಿದ್ದಿದೆ. ಪಕ್ಕದಲ್ಲಿ ಅದೇ ಅಕ್ಷರದಲ್ಲಿ ೨೦ ಅಕ್ಟೋಬರ್ ಎಂದಿದೆ. ಅದರ ಮುಂದೆ ಏನೂ ಇಲ್ಲ.

ಸಾತ್ವಿಕ ಉಳಿದ ಹುಡುಗರ ಹಾಗೆ ತಪ್ಪಿಸಿಕೊಂಡವನಲ್ಲ. ಅವನೇ ಫೋನು ಮಾಡಿ, ದಸರೆಗೆ ಕಾರು ಬರುತ್ತದೆ, ಅದಕ್ಕೆ ಮೊದಲೇ ಪಾಠಕ್ಕೆ ಬರುತ್ತೇನೆ ಎಂದ. ಇಪ್ಪತ್ತೊಂಬತ್ತು ಖಾಲಿಯಿತ್ತು. ಗೋದಾಬಾಯಿ ಬರೆದುಕೊಂಡರು. ಬರೆದ ಮೇಲೆ ಗೋಡೆಯ ಪಂಚಾಂಗದ ಕಡೆ ಅವರ ಕಣ್ಣು ಹೋಯಿತು.

"ಪಕ್ಷ ನಡದಿತ್ರಿ. ನಾನ ಅಂದೆ, ಬಾಳಾ, ಮಗನ, ಹೊಸಾ ಕೆಲಸ ಪಕ್ಷದಾಗ ಬ್ಯಾಡ, ದಸರಾ ಆಗಲಿ, ಆಮ್ಯಾಲ ಬಾ ಅಂತ. ಅವಾ ಅಂದ, ಮಾವಶಿ, ನನಗ ಅದೆಲ್ಲಾ ಇಲ್ಲ, ನಾ ಬರ್ತೀನಿ. ನಾ ಕೇಳ್ಲಿಲ್ಲರಿ. ನಿನಗಿಲ್ಲದಿದ್ರ ನನಗದ ಅಂದೆ. ಇದ ಕೈಲೆ ಗೆರಿ ಹೊಡದೆ."

ದಸರೆಯ ದಿನ ಕಾರು ಬಂತು. ಗಾಲಿಗೆ ನಿಂಬೆಹಣ್ಣು ಇಟ್ಟರು, ಚೆಂಡುಹೂವಿನ ಮಾಲೆ ಹಾಕಿದರು. ನಾಲ್ಕನೆಯ ದಿನ, ಭಾನುವಾರ ಸಂಜೆ, ಮುಗಿಯುತ್ತ ಬಂದ ಮಳೆಗಾಲ ಒಂದು ಸಣ್ಣ ಮಳೆ ಸುರಿಸಿ ಹೋಗಿತ್ತು. ಶಿರೂರಿನ ಕಡೆಯ ಹೆದ್ದಾರಿಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ಹೋಗುತ್ತಿತ್ತು. ಸಾತ್ವಿಕ ಬ್ರೇಕು ಒತ್ತಿದ. ಕಾರು ನಿಲ್ಲಲಿಲ್ಲ, ಜಾರಿತು.

ಗೋದಾಬಾಯಿಗೆ ಇದು ತಿಳಿದಿರಲಿಲ್ಲ. ಗುರುವಾರದ ನೆನಪು ಮಾಡಲು ಸೋಮವಾರ ಹನ್ನೊಂದು ಗಂಟೆಗೆ ಆ ಮನೆಗೆ ಫೋನು ಮಾಡಿದರು. ಬಹಳ ಹೊತ್ತು ಗಂಟೆ ಬಾರಿಸಿದ ಮೇಲೆ ಯಾರೋ ನೆರೆಯವರು ಎತ್ತಿದರು.

ಹದಿಮೂರು ದಿನ ಕಳೆದ ಮೇಲೆ ಅವರು ರಂಜನಾಬಾಯಿಯವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡರು. ದಿನ ಬದಲಾದದ್ದು ಆ ತಾಯಿಗೆ ಗೊತ್ತೇ ಇರಲಿಲ್ಲ. ಹೇಳದಿದ್ದರೆ ಎಂದೂ ಗೊತ್ತಾಗುತ್ತಿರಲಿಲ್ಲ. ಆಕೆ ಮರಾಠಿಯಲ್ಲಿ ಒಂದೇ ಮಾತು ಹೇಳಿದರಂತೆ: "ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ."

"ಬೈದಿದ್ರ ಛಲೋ ಇತ್ರಿ" ಎನ್ನುತ್ತಾರೆ ಗೋದಾಬಾಯಿ.

ತಿಥಿ ವಾರ ನೋಡಿಯೇ ಬಾಳಿದವರು ನಾವು. ಇದನ್ನು ಬರೆಯುವ ನನ್ನ ಮನೆಯಲ್ಲೂ ಹಿರಿಯರ ಎಡೆಗೆ ಈ ಸಲ ತೀರಿಹೋದವರ ಹೆಸರೊಂದು ಹೆಚ್ಚಾಗಿದೆ. ಪಂಚಾಂಗವನ್ನು ನಾನು ದೂರಲಾರೆ. ಗೋದಾಬಾಯಿಯೂ ದೂರುವುದಿಲ್ಲ. ಇಂದಿಗೂ ಏಕಾದಶಿಗೆ ಉಪವಾಸ ಮಾಡುತ್ತಾರೆ, ಸಂಕಷ್ಟಿಗೆ ಚಂದ್ರನನ್ನು ನೋಡದೆ ಉಣ್ಣುವುದಿಲ್ಲ. "ಪಂಚಾಂಗದಾಗ ಹೊಸಾ ಕೆಲಸ ಬ್ಯಾಡ ಅಂತ ಬರದದ. ಜೀವಾ ಉಳಿಸಿಕೊಳ್ಳೂದು ಹೊಸಾ ಕೆಲಸ ಹೆಂಗಾಗತದರಿ? ಅದು ಹಳೇ ಕೆಲಸನ. ನನಗ ಆವಾಗ ತಿಳೀಲಿಲ್ಲ" ಎಂದಷ್ಟೇ ಹೇಳುತ್ತಾರೆ. ಆ ವರ್ಷದಿಂದ ಈಚೆಗೆ ಪಕ್ಷದ ಹದಿನೈದು ದಿನಗಳಲ್ಲೂ ಅವರು ಹೆಸರು ಬರೆಯುತ್ತಾರೆ. ಹೋದ ವರ್ಷ ಮತ್ತು ಈ ವರ್ಷ ಸೇರಿ, ಇಂದಿನ ಡಾಕ್ಟರರನ್ನೂ ಹಿಡಿದರೆ, ಹೀಗೆ ಬಂದವರು ಹನ್ನೊಂದು ಜನ.

ಇಂದು ಕಾಯುತ್ತಿರುವ ಹೆಸರು ಸ್ವಪ್ನಿಲನದು. ಇಪ್ಪತ್ತನಾಲ್ಕರ ಹುಡುಗ. ಬೆಳಗಾವಿಯಿಂದ ಬಂದು ಇಲ್ಲಿ ಯಂತ್ರದ ಬಿಡಿಭಾಗಗಳ ವ್ಯಾಪಾರ ಮಾಡುವ ಮನೆತನ. ನಾಳೆ ಘಟಸ್ಥಾಪನೆಯ ಮುಹೂರ್ತಕ್ಕೆ ಅವನ ಕೈಗೆ ಕಾರು ಬರುತ್ತದೆ. ಈ ರಸ್ತೆ ನಾಳೆಯಿಂದ ದುರಸ್ತಿಗೆ ಹೋದರೆ ದೀಪಾವಳಿ ಕಳೆದ ಮೇಲೆಯೇ ತೆರೆಯುವುದು. ಇಂದು ತಪ್ಪಿದರೆ ಒಂದು ತಿಂಗಳು ಅವನು ಕಲಿಯದೆಯೇ ಓಡಿಸುತ್ತಾನೆ.

ಮಂಗಳವಾರ ಗೋದಾಬಾಯಿ ಅವನ ತಾಯಿ ನೀತಾ ಅವರಿಗೆ ಫೋನು ಮಾಡಿದಾಗ ನಾನು ಮೇಜಿನ ಎದುರಿಗೇ ಇದ್ದೆ. ಆ ತಾಯಿಯ ದನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಏನ್ ಮಾತಾಡ್ತೀರಿ ಬಾಯಾರ? ಅಮವಾಸಿ ದಿವಸ ಮಗನ್ನ ಗಾಡಿ ಮ್ಯಾಲ ಕೂಡಸ್ಲ್ಯಾ?"

"ಗಾಡಿ ನಿಮ್ಮದಲ್ರಿ, ನಮ್ಮ ಕಲಸೂ ಸಾಲೀದು. ನಿಮ್ಮ ಗಾಡಿ ಶುಕ್ರವಾರ, ಮುಹೂರ್ತಕ್ಕನ ಬರತದ."

"ಅಡ್ಡಹೆಸರು ಕೇಳಿದ್ರ ಆಚಾರದ ಮಂದಿ ಅನಸ್ತೀರಿ. ನಿಮ್ಮನಿಯಾಗ ಪಂಚಾಂಗ ನೋಡೂದಿಲ್ಲೇನು?"

ಗೋದಾಬಾಯಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. ಎರಡು ವರ್ಷಗಳಲ್ಲಿ ಯಾವ ತಾಯಿಗೂ ಅವರು ಸಾತ್ವಿಕನ ಹೆಸರು ಹೇಳಿದವರಲ್ಲ. ಸತ್ತ ಹುಡುಗನನ್ನು ತೋರಿಸಿ ಹೆದರಿಸುವುದು ಅವರಿಗೆ ಸೇರುವುದಿಲ್ಲ. ಅಂದು ಹೇಳಿದರು.

"ನೋಡೂದದರಿ. ಒಮ್ಮೆ ನೋಡಿ, ಒಬ್ಬ ಹುಡುಗಗ ಇವತ್ತ ಬ್ಯಾಡ ಅಂತ ನಾನ ಹೇಳಿದ್ದೆ. ಸಾತ್ವಿಕ ಅಂತ ಹೆಸರು. ಅವಾ ಬರ್ತೀನಿ ಅಂದಿದ್ದ." ಉಳಿದದ್ದನ್ನೂ ಹೇಳಿದರು. ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ. ಆ ಕಡೆ ಫೋನು ಇಟ್ಟ ಸದ್ದು ಕೇಳಿಸಿತು. ಗೋದಾಬಾಯಿ ವಹಿ ತೆಗೆದು ಗುರುವಾರದ ಪುಟದಲ್ಲಿ ಸ್ವಪ್ನಿಲ್ ಎಂದು ಬರೆದರು. ಒಪ್ಪಿಗೆ ಎಲ್ಲಿ ಬಂತು ಎಂದು ಕೇಳಿದೆ. "ಗೆರಿ ಹೊಡಿಯೂದು ಅವರ ಕೈಲಿರಲಿ. ನಾ ಹೊಡಿಯೂದಿಲ್ಲ" ಎಂದರು.

ಆರೂವರೆಯಾಗುತ್ತದೆ. ಕಲಿಸುವವರಾದ ಫಕೀರಪ್ಪನವರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಜವಾನರಿಗೆ ಗಾಡಿ ಕಲಿಸಿದ ಮನುಷ್ಯ. "ಬಾಯಾರ, ಡಾಕ್ಟರಸಾಹೇಬ್ರಿಂದ ಸುರು ಮಾಡ್ಲೇನ್ರಿ?" ಎನ್ನುತ್ತಾರೆ. ಮಾಡಿರಿ ಎಂದು ಗೋದಾಬಾಯಿ ತಲೆಯಾಡಿಸುತ್ತಾರೆ. ಕುರ್ಚಿ ಬಿಟ್ಟು ಏಳುವುದಿಲ್ಲ.

ಏಳಕ್ಕೆ ಹತ್ತು ನಿಮಿಷವಿರುವಾಗ ಧೂಳು ಹಿಡಿದ ಬಿಳಿ ವ್ಯಾನೊಂದು ಗೇಟಿನ ಮುಂದೆ ನಿಲ್ಲುತ್ತದೆ. ಮೊದಲು ಇಳಿಯುವವರು ತಾಯಿ. ಕೈಯಲ್ಲಿ ಸ್ಟೀಲಿನ ಡಬ್ಬಿ. ಹಿಂದೆ ಆಕಳಿಸುತ್ತ ಮಗ.

"ಫೋನಿನ ಬಾಯಾರು ಎಲ್ಲಿದ್ದಾರ?"

"ನಾನರಿ."

"ಅಯ್ಯ, ಇಷ್ಟ ಸಣ್ಣಾಕಿ ಇದ್ದೀರೇನು! ಫೋನಿನ್ಯಾಗ ಭಾಳ ದೊಡ್ಡಾಕಿ ಅನಸಿದ್ರಿ." ನಕ್ಕು ಅಲ್ಲಿಗೇ ನಗು ನುಂಗಿಕೊಳ್ಳುತ್ತಾರೆ. "ಹಿರೇರ ಎಡಿ ಹನ್ನೆರಡೂವರಿಗೆ. ಅಷ್ಟರಾಗ ಬಿಟ್ಟಬಿಡ್ರಿ. ಎರಡು ರಾತ್ರಿ ನಿದ್ದಿ ಕೆಡಿಸಿದ್ರಿ ನೀವು."

ಸ್ವಪ್ನಿಲ್ ಶಾಲೆಯ ಕೆಂಪು ಕಾರಿನಲ್ಲಿ ಕೂರುತ್ತಾನೆ. ಒದ್ದೆ ಸಿಮೆಂಟಿನ ಮೇಲೆ ಕಿತ್ತಳೆ ಬಣ್ಣದ ಕೋನುಗಳ ಸಾಲಿದೆ. ಮೊದಲ ಸಲ ವೇಗವಾಗಿ ಬಂದು ಬ್ರೇಕು ಒತ್ತುತ್ತಾನೆ. ಕಾರು ಅಡ್ಡ ತಿರುಗಿ ಮೂರು ಕೋನುಗಳನ್ನು ಕೆಡವಿ ನಿಲ್ಲುತ್ತದೆ. ಹುಡುಗನ ಆಕಳಿಕೆ ಹಾರಿಹೋಗುತ್ತದೆ.

"ಮೂರು ಮಂದಿ ಹೋದ್ರು" ಎಂದು ಫಕೀರಪ್ಪ ಕೂಗುತ್ತಾರೆ. "ಹಿಂದಕ್ಕ ಹೋಗು. ಅವರನ್ನ ಎಬ್ಬಿಸ್ತೀನಿ, ಮತ್ತ ಬಾ. ಗಾಡಿ ಓಡಸೂದು ಯಾರಿಗೂ ಕಲಸಬೇಕಾಗಿಲ್ಲ ತಮ್ಮಾ. ನಿಲ್ಲಸಾಕ ಎದಿ ಬೇಕು."

ನೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಾರೆ. ಗೋದಾಬಾಯಿ ನೋಡುವುದಿಲ್ಲ. ರಸ್ತೆಗೆ ಬೆನ್ನು ಮಾಡಿ ಕುಳಿತು ಕೇಳುತ್ತಾರೆ. ಹದಿನಾರು ವರ್ಷ ಕಿವಿಯಿಂದಲೇ ಅನ್ನ ಉಂಡವರು. ಟಯರಿನ ಸದ್ದಿನಲ್ಲೇ ಅವರಿಗೆ ತಿಳಿಯುತ್ತದೆ. "ಇನ್ನೂ ಹೆದರತಾನ... ಈಗ ಕಾಲು ತಗದ, ತಗೀಬಾರದು... ಹಾಂ." ಒಂಬತ್ತನೆಯ ಸಲ ಕಾರು ಜಾರದೆ ಕೋನಿನ ಒಂದು ಮೊಳ ಈಚೆಗೆ ನಿಲ್ಲುತ್ತದೆ. ಗೋದಾಬಾಯಿ ಪೆನ್ನು ತೆಗೆದು ವಹಿಯಲ್ಲಿ ಗುರುತು ಹಾಕುತ್ತಾರೆ.

ಈ ಹೊತ್ತಿಗೆ ಖಡಕಿಯ ಮನೆಯಲ್ಲಿ ಅವಧೂತರಾಯರು ತರ್ಪಣಕ್ಕೆ ಕುಳಿತಿರುತ್ತಾರೆ. ಅಮಾವಾಸ್ಯೆಯ ತರ್ಪಣದಲ್ಲಿ ತಂದೆ ತಾಯಿ, ಬಂಧು ಬಳಗದವರಾದ ಮೇಲೆ ಸ್ನೇಹಿತರಿಗೂ ಎಳ್ಳುನೀರು ಬಿಡುವ ಪದ್ಧತಿಯಿದೆ. ಎರಡು ವರ್ಷಗಳಿಂದ ಅವರು ಆ ಸ್ಥಾನದಲ್ಲಿ ತಾವು ಕಣ್ಣಿನಿಂದ ನೋಡದ ಒಬ್ಬ ಹುಡುಗನ ಹೆಸರು ಹೇಳುತ್ತಾರೆ. ಹೆಂಡತಿ ಕೇಳಿಕೊಂಡಿರಲಿಲ್ಲ. ಅವರೇ ಹೇಳತೊಡಗಿದರು.

ಹತ್ತೂವರೆಗೆ ತಾಯಿ ಮಗ ಹೊರಡುತ್ತಾರೆ. ವ್ಯಾನಿನ ಬಾಗಿಲಲ್ಲಿ ನೀತಾ ನಿಲ್ಲುತ್ತಾರೆ. ತಂದ ಡಬ್ಬಿಯನ್ನು ಗೋದಾಬಾಯಿಯ ಕೈಯಲ್ಲಿಟ್ಟು, "ಅವಲಕ್ಕಿ ಅವ. ತಿನ್ರಿ" ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಆ ಹುಡುಗನ ಹೆಸರು ಇನ್ನೊಮ್ಮೆ ಹೇಳ್ರಿ. ಕಾಗಿಗೆ ಇಡೂ ಮುಂದ ಒಂದು ತುತ್ತು ಅವನ ಹೆಸರಲೆ ಇಡ್ತೀನಿ."

"ಸಾತ್ವಿಕ" ಎನ್ನುತ್ತಾರೆ ಗೋದಾಬಾಯಿ. ವ್ಯಾನು ಹೆದ್ದಾರಿ ಸೇರುವ ತನಕ ನಿಂತು ನೋಡುತ್ತಾರೆ.

ಟ್ಯಾಂಕರು ಹೊರಟುಹೋಗಿದೆ. ರಸ್ತೆ ಬಿಸಿಲಿಗೆ ಆರುತ್ತಿದೆ. ಇನ್ನು ಏನು ಆಸೆ ಎಂದು ಕೇಳುತ್ತೇನೆ. ಪತ್ರಿಕೆಯವರು ಕೇಳುವ ಪ್ರಶ್ನೆ ಇದು, ಅವರಿಗೂ ಗೊತ್ತು. ವಹಿಯನ್ನು ಬಟ್ಟೆಯ ಚೀಲಕ್ಕೆ ಹಾಕುತ್ತ ಉತ್ತರ ಕೊಡುತ್ತಾರೆ.

"ದಸರಾ ಮರುದಿವಸ ನಾ ಕಲತ ಹೋದವರಿಗೆಲ್ಲಾ ಒಮ್ಮೆ ಫೋನ್ ಮಾಡ್ತೀನ್ರಿ. ಏನೂ ಕೆಲಸ ಇರೂದಿಲ್ಲ. ಗಾಡಿ ಹೆಂಗದ ಬಾಳಾ ಅಂತೀನಿ, ಅಷ್ಟ. ಮೀಟಿಂಗಿನ್ಯಾಗಿದ್ದೀನಿ ಮಾವಶಿ ಅಂತ ಸಿಟ್ಟಿಗೇಳ್ತಾರ. ಏಳ್ಲಿ. ಪಕ್ಷದಾಗ ಬಂದವರೆಲ್ಲಾ ತಾವ ಫೋನ್ ಎತ್ತತಾರ್ರಿ. ಈ ಸಲ ಹನ್ನೆರಡು ಮಂದಿ."