ಮುಂದಿನ ವಾರದ ವಚನ

ಆ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಎರಡು ಡಬ್ಬಿ ಕಟ್ಟಿದೆ. ನನ್ನ ಗಂಡ ಮೂರು ಊರಿನ ಸಭೆಗಳಿಗೆ ಪಾಸ್ಟರ್ ಆಗಿದ್ದರು. ಭಾನುವಾರ ಬೆಳಿಗ್ಗೆ ಆಳಂದ, ಅದೇ ದಿನ ನಾಲ್ಕು ಗಂಟೆಗೆ ಅಫಜಲಪುರ, ಬುಧವಾರ ಸಂಜೆ ಜೇವರ್ಗಿ. ಮೂರೂ ಕಡೆ ಒಂದೇ ಪಾಠ. ಆಳಂದದ ಆರಾಧನೆ ಮುಗಿಸಿ ಗಾಡಿ ಹತ್ತಿದರೆ, ದಾರಿಯಲ್ಲಿ ಯಾವುದಾದರೊಂದು ಬೇವಿನ ಗಿಡದ ಕೆಳಗೆ ನಮ್ಮ ಊಟ.

ಅವರು ತಮಗೆ ಹಿಡಿಸಿದ ಬೈಬಲ್ ವಚನ ಆರಿಸಿಕೊಂಡು ಬೋಧಿಸುವವರಲ್ಲ. ಅಪೊಸ್ತಲರು ಸಭೆಗಳಿಗೆ ಬರೆದ ಒಂದು ಪತ್ರಿಕೆ ಕೈಗೆತ್ತಿಕೊಂಡರೆ ಮೊದಲ ವಚನದಿಂದ ಕೊನೆಯ ವಚನದವರೆಗೆ, ಒಂದನ್ನೂ ಹಾರಿಸದೆ ಬಿಡಿಸಿ ಹೇಳುತ್ತಿದ್ದರು. ಆ ಸಲ ಎತ್ತಿಕೊಂಡದ್ದು ಸತ್ಯವೇದದ ಕೊನೆಯ ಕಡೆಗಿರುವ ಒಂದು ಸಣ್ಣ ಪತ್ರಿಕೆ. ಸಭೆಯೊಳಗೆ ಸದ್ದಿಲ್ಲದೆ ನುಸುಳುವ ಸುಳ್ಳು ಬೋಧಕರ ವಿಷಯ, ನಂಬಿಕೆಯನ್ನು ಬಿಡದೆ ಹಿಡಿದುಕೊಳ್ಳುವ ವಿಷಯ. ಒಂದೇ ಹಾಳೆಯಷ್ಟಿದೆ. ನಾಲ್ಕು ತಿಂಗಳಾದರೂ ಮುಗಿದಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಅವರು ಬೋಧಿಸುವ ಪ್ರಸಂಗಕ್ಕೆ ಮೊದಲು ಸಭೆಯಲ್ಲಿ ಯಾರಾದರೂ ಎದ್ದು ಹಿಂದಿನ ವಾರದ ಪಾಠ ಹೇಳಬೇಕು. ಹೇಳಲು ಬರದಿದ್ದರೆ ಅದೇ ಪಾಠ ಮತ್ತೊಮ್ಮೆ. ಆ ದಿನ ತೊಗರಿ ಬೆಳೆಯುವ ಒಬ್ಬ ಹಿರಿಯರು ಎದ್ದರು.

"ಹೋದ ವಾರ ಬೀಜದ ಮಾತ್ ಹೇಳಿದ್ರಿ. ಕಳಪಿ ಬೀಜದ ಪಾಕೀಟು ಒಳ್ಳೇ ಬೀಜದ ಪಾಕೀಟಕ್ಕಿಂತ ಚಂದ ಇರ್ತದ. ಮೊಳಕಿ ಒಡೆಯೋ ತನಕ ತಿಳಿಯಂಗಿಲ್ಲ. ಸುಳ್ಳು ಬೋಧನಾನೂ ಹಂಗೇ ಅಂದ್ರಿ."

"ಭಾಳ ಚಲೋ ನೆನಪಿಟ್ಟೀರಿ."

"ನೆನಪ್ಯಾಕ್ ಇರಂಗಿಲ್ರೀ ಪಾಸ್ಟರೇ? ಆ ಪಾಕೀಟು ತಂದು ಬಿತ್ತಿದವನೇ ನಾನು!"

ಸಭೆಯೆಲ್ಲ ನಕ್ಕಿತು. ಅವರೂ ನಕ್ಕು, ಎರಡು ವಚನ ಬೋಧಿಸಿ, ಸತ್ಯವೇದದಲ್ಲಿ ಕೆಂಪು ದಾರ ಇಟ್ಟು ಮುಚ್ಚಿದರು.

ಬೇವಿನ ಗಿಡದ ಕೆಳಗೆ ನಾನು ಕೇಳಿದೆ. "ನಾಕ್ ತಿಂಗಳಿಂದ ಬರೀ ಎಚ್ಚರಿಕೀನೇ ಆತಲ್ರಿ. ಆ ಪತ್ರಿಕ್ಯಾಗ ಸಮಾಧಾನದ ಮಾತು ಒಂದರ ಅದನೋ ಇಲ್ಲೋ?"

"ಅದ. ಮುಂದಿನ ವಾರ ಬರ್ತದ. ಸಂಶಯಪಡೋರನ್ನ ಏನ್ ಮಾಡಬೇಕು ಅಂತ."

"ಏನ್ ಮಾಡಬೇಕ್ರಿ?"

"ಮುಂದಿನ ವಾರ ಅಂದೆನಲ್ಲ. ಪಾಸ್ಟರನ ಹೆಂಡತಿ ಅಂತ ನಿನಗೊಬ್ಬಾಕಿಗೇ ಮೊದಲ ಹೇಳಬೇಕೇನು? ಇನ್ನೊಂದು ರೊಟ್ಟಿ ಕೊಡು."

ಅಫಜಲಪುರದಲ್ಲಿ ಅರ್ಧ ಜಮಖಾನೆ ಖಾಲಿ. ಹೊರಗಿನಿಂದ ಬಂದ ಬೋಧಕನೊಬ್ಬ ಅಲ್ಲಿ ಡೇರೆ ಹಾಕಿ ಎರಡು ತಿಂಗಳಾಗಿತ್ತು. ರೋಗ ಬಂದರೆ ಮನೆಯಲ್ಲಿ ಎಲ್ಲೋ ಮುಚ್ಚಿಟ್ಟ ಪಾಪವಿದೆ, ಗುಳಿಗೆ ನುಂಗುವುದು ಅಪನಂಬಿಕೆ, ತಾನು ಪ್ರಾರ್ಥಿಸಿ ಕೊಡುವ ಎಣ್ಣೆ ಸಾಕು ಎಂದು ಅವನ ಬೋಧನೆ. ನಮ್ಮ ಸಭೆಯಲ್ಲಿ ಹಾಡು ಎತ್ತಿಕೊಡುವ, ಬಳೆ ಅಂಗಡಿಯ ಹೆಂಗಸೂ ಅಲ್ಲಿಗೆ ಹೋಗಿ ಬಂದಿದ್ದಳು. ತನ್ನ ಮೊಣಕಾಲು ನೋವು ಹೋಯಿತೆಂದಳು.

"ನೋವು ಹೋದದ್ದು ಚಲೋನೇ ಆತವಾ," ಎಂದರು ಇವರು. "ಬಿಪಿ ಗುಳಿಗಿ ಬಿಟ್ಟಿಲ್ಲಲ್ಲ?"

ಅವಳು ನಕ್ಕು ಹಾಡಿನ ಪುಸ್ತಕ ತೆರೆದಳು.

ಆ ಡೇರೆಯವನ ಹೆಸರೆತ್ತಿ ಒಮ್ಮೆ ಖಂಡಿಸಿಬಿಡಿ ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಹೆಸರು ಬ್ಯಾಡ," ಎನ್ನುತ್ತಿದ್ದರು. "ವಚನ ಏನ್ ಹೇಳ್ತದ ಅಂತ ತಿಳಿಸಿದ್ರ ಅವರೇ ಅಳದು ನೋಡ್ತಾರ." ಅಂದು ರಾತ್ರಿ ಮನೆಗೆ ಬಂದು ಇಬ್ಬರೂ ಮಲಗಿದೆವು. ಅದೇ ಕೊನೆಯ ಮಾಮೂಲಿ ಭಾನುವಾರ.

ಮಂಗಳವಾರ ಬೆಳಿಗ್ಗೆ ಅವರ ಕೈಯಿಂದ ಚಹಾದ ಕಪ್ಪು ಬಿತ್ತು. ಏನೋ ಹೇಳಲು ಹೋದರು, ಮಾತು ಹೊರಡಲಿಲ್ಲ. ಲಕ್ವ ಹೊಡೆದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಬಲಗೈ ಏಳುತ್ತಿರಲಿಲ್ಲ. ಮಾತು ಪೂರ್ತಿ ನಿಂತಿತ್ತು. ನಾನು ಹೊತ್ತು ಹೊತ್ತಿಗೆ ಗುಳಿಗೆಗಳನ್ನು ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕುಡಿಸುತ್ತಿದ್ದೆ. ಅದೊಂದೇ ನನ್ನ ಕೈಯಲ್ಲಿದ್ದ ಕೆಲಸ. ದಿನಕ್ಕೆ ಮೂರು ಸಲ, ಐದೈದು ನಿಮಿಷ. ಉಳಿದ ಹೊತ್ತೆಲ್ಲ ಅವರ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದೆ.

ಮನೆಗೆ ಬಂದ ಆರನೆಯ ದಿನ ಬಳೆ ಅಂಗಡಿಯವಳು ಬಸ್ಸಿನಲ್ಲಿ ಬಂದಳು. ಸೆರಗಿನ ಗಂಟಿನಿಂದ ಬೆರಳುದ್ದದ ಸೀಸೆ ತೆಗೆದಳು.

"ಅಕ್ಕಾ, ಒಂದೇ ಒಂದ್ ಸಲ ಹಚ್ಚಿ ನೋಡ್ರಿ. ಪಾಸ್ಟರ್ರಿಗೆ ಹೇಳಬ್ಯಾಡ್ರಿ."

"ಅವರು ಇಷ್ಟು ದಿನ ಏನ್ ಬೋಧಿಸಿದ್ರು, ನೀ ಕೇಳಿಲ್ಲೇನ?"

"ಕೇಳೀನಿ. ಆದ್ರ ಮಾತಾಡೋರೇ ಹಿಂಗ ಮಲಗಿಬಿಟ್ರ ನಾವ್ ಏನ್ ಮಾಡ್ಬೇಕ್ರೀ ಅಕ್ಕಾ?" ಅವಳು ಅಳುತ್ತಿದ್ದಳು. "ಎಣ್ಣಿ ಹಚ್ಚಿದ ಹೊತ್ತು ಗುಳಿಗಿ ಕೊಡಬಾರ್ದಂತ. ನಂಬಿಕಿ ಎರಡೂ ಕಡೆ ಇಡಬಾರ್ದಂತ."

ಆ ಮಾತು ಎಲ್ಲಿ ತಪ್ಪುತ್ತದೆ ಎಂದು ನಾನು ವಚನ ತೆಗೆದು ತೋರಿಸಬಲ್ಲವಳಾಗಿದ್ದೆ. ಒಂದೊಂದು ಪಾಠವನ್ನೂ ಮೂರು ಊರುಗಳಲ್ಲಿ ಮೂರು ಸಲ ಕೇಳಿದವಳು ನಾನು. ಎದ್ದು ನಿಂತು ಹಿಂದಿನ ವಾರದ ಪಾಠ ಹೇಳಿದವಳು. ಆದರೂ ಸೀಸೆ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಗುಳಿಗೆಗಳನ್ನು ತಟ್ಟೆಯಲ್ಲಿ ಹಾಗೆಯೇ ಬಿಟ್ಟೆ. ಎಣ್ಣೆಯನ್ನು ಅವರ ಹಣೆಗೆ, ತುಟಿಗೆ, ಎರಡೂ ಕೈಗಳಿಗೆ ಹಚ್ಚಿದೆ. ಅದಕ್ಕೆ ಗುಲಾಬಿ ಅತ್ತರಿನ ವಾಸನೆ. ನಿದ್ದೆಯಲ್ಲಿದ್ದಾರೆಂದುಕೊಂಡಿದ್ದೆ. ಅವರು ಕಣ್ಣು ತೆರೆದರು. ನನ್ನನ್ನು ನೋಡಿದರು, ಆಮೇಲೆ ತಟ್ಟೆಯನ್ನು ನೋಡಿದರು. ಎಡಗೈಯಿಂದ ದಿಂಬಿನ ಪಕ್ಕದ ಸತ್ಯವೇದವನ್ನು ಎಳೆದುಕೊಳ್ಳಲು ಹೆಣಗಿದರು. ನಾನೇ ತೆರೆದು ಹಿಡಿದೆ. ಕೆಂಪು ದಾರವಿದ್ದ ಹಾಳೆಯ ಮೇಲೆ ಬೆರಳಿಟ್ಟು ತಟ್ಟಿದರು. ಮತ್ತೆ ತಟ್ಟಿದರು.

ಬೈಯುತ್ತಿದ್ದಾರೆಂದುಕೊಂಡೆ. ಬೆರಳು ಎಲ್ಲಿದೆ ಎಂದು ಬಗ್ಗಿ ನೋಡುವ ಧೈರ್ಯವಾಗಲಿಲ್ಲ. "ಗೊತ್ತದರಿ, ನನಗ ಗೊತ್ತದ," ಎಂದು ಪುಸ್ತಕ ಮುಚ್ಚಿಟ್ಟೆ. ಒದ್ದೆ ಬಟ್ಟೆಯಿಂದ ಎಣ್ಣೆ ಒರೆಸಿ, ಗುಳಿಗೆ ಅರೆದು ಕುಡಿಸಿದೆ. ಒಂದೂವರೆ ತಾಸು ತಡವಾಗಿತ್ತು. ಅವರು ಕುಡಿದರು. ಕುಡಿಯುವಾಗ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಬಟ್ಟಲು ನೋಡುತ್ತಿದ್ದೆ.

ನಾಲ್ಕು ದಿನಕ್ಕೆ ಎರಡನೆಯ ಸಲ ಲಕ್ವ ಹೊಡೆದು ತೀರಿಕೊಂಡರು. ಒಂದು ಹೊತ್ತಿನ ಗುಳಿಗೆ ತಡವಾದದ್ದರಿಂದ ಹೀಗಾಗುವುದಿಲ್ಲಮ್ಮ ಎಂದರು ಡಾಕ್ಟರು. ನಾನು ಎರಡು ಸಲ ಕೇಳಿದೆ, ಎರಡು ಸಲವೂ ಹಾಗೆಯೇ ಹೇಳಿದರು. ಡೇರೆಯ ಕಡೆಯವರು, ಪಾಸ್ಟರನ ಮನೆಯಲ್ಲಿ ಅಪನಂಬಿಕೆ ಇತ್ತು, ಎಣ್ಣೆ ಒರೆಸಿಬಿಟ್ಟರಂತೆ, ಅದಕ್ಕೇ ಸತ್ತ ಎಂದು ಆಡಿಕೊಂಡರು. ಎಣ್ಣೆ ಒರೆಸಿದ್ದನ್ನು ಬಳೆ ಅಂಗಡಿಯವಳಿಗೆ ನಾನೇ ಹೇಳಿದ್ದೆ. ಯಾರಿಗಾದರೂ ಹೇಳಬೇಕಿತ್ತು.

ಹೊಸ ಪಾಸ್ಟರು ಇನ್ನೂ ಬಂದಿಲ್ಲ. ಆಳಂದದಲ್ಲಿ ಸಭೆ ಕೂಡುತ್ತದೆ, ಹಾಡುತ್ತದೆ. ಹೋದ ಭಾನುವಾರ ಆ ತೊಗರಿಯ ಹಿರಿಯರು ಹೇಳಿದರು, "ಅಮ್ಮಾ, ಹಿಂದಿನ ಪಾಠ ನೀವರ ಹೇಳ್ರಿ." ಎದ್ದು ಹೇಳಿದೆ. ನುಸುಳಿದವರ ಬಗ್ಗೆ, ನಂಬಿಕೆ ಬಿಡದೆ ಹಿಡಿಯುವ ಬಗ್ಗೆ, ಬೀಜದ ಬಗ್ಗೆ. ಎಲ್ಲ ನೆನಪಿದೆ. ಹೇಳಿ ಮುಗಿಸಿ ನಿಂತೆ. ಎಲ್ಲರೂ ಇನ್ನೂ ನನ್ನ ಕಡೆ ನೋಡುತ್ತಿದ್ದರು. ಮುಂದೆ ನನಗೆ ಬರುವುದಿಲ್ಲ ಎಂದು ಕುಳಿತೆ. ಜೇವರ್ಗಿಯವರಿಗಂತೂ ಆ ಕೊನೆಯ ಭಾನುವಾರದ ಪಾಠವೂ ಸಿಕ್ಕಿಲ್ಲ.

ಮಣ್ಣಾದ ಮೂರನೆಯ ದಿನ ನಾನು ಆ ಹಾಳೆ ತೆರೆದು ನೋಡಿದ್ದೆ. ಒಂದೇ ಹಾಳೆಯಲ್ಲಿ ಎಲ್ಲವೂ ಇದೆ. ಮೇಲೆ ಎಚ್ಚರಿಕೆಗಳು, ದಾರಿ ತಪ್ಪಿದವರ ಗತಿ. ಅದರ ಕೆಳಗೆ ಮುಂದಿನ ವಾರದ ವಚನ. ಸಂಶಯಪಡುವವರಿಗೆ ಕರುಣೆ ತೋರಿಸಬೇಕೆಂದು ಅಲ್ಲಿದೆ. ಓದಿದೆ. ಅರ್ಥವಾಗದ ಮಾತೇನಲ್ಲ. ಆದರೆ ಎಷ್ಟು ಕರುಣೆ, ಎಲ್ಲಿಯವರೆಗೆ, ಎಲ್ಲ ಕೇಳಿ ತಿಳಿದೂ ಎಣ್ಣೆ ಹಚ್ಚಿದವಳಿಗೂ ಅದು ಉಂಟೋ ಎಂದು ಆ ವಚನದಲ್ಲಿ ಬರೆದಿಲ್ಲ. ಅದನ್ನು ಬಿಡಿಸಿ ಹೇಳುವುದು ಅವರ ಕೆಲಸವಾಗಿತ್ತು.

ಹಾಳೆಯ ಮೇಲೆ ಎಣ್ಣೆಯ ಒಂದು ಕಲೆ ಇದೆ. ಅವರ ಬೆರಳಿನದೋ ನನ್ನದೋ ತಿಳಿಯದು. ಹರಡಿಕೊಂಡು ಮೇಲಿನ ವಚನಗಳನ್ನೂ ಕೆಳಗಿನದನ್ನೂ ಸೇರಿಸಿಬಿಟ್ಟಿದೆ. ಬೆರಳು ಯಾವುದರ ಮೇಲಿತ್ತೋ ನನಗೆ ಗೊತ್ತಿಲ್ಲ. ಕೆಂಪು ದಾರವನ್ನು ಅಲ್ಲೇ ಬಿಟ್ಟಿದ್ದೇನೆ.

ಆ ವಚನದ ಪ್ರಸಂಗವನ್ನು ನಾನು ಇನ್ನೂ ಕೇಳಿಲ್ಲ.