ರೊಟ್ಟಿ ಬುಟ್ಟಿ, ಕೆಂಪು ಸೆರಗು

ಎಲ್ಲಿಯಾದರೂ ಹಂಚಿನ ಮೇಲೆ ಜೋಳದ ರೊಟ್ಟಿ ಹೊತ್ತಿದ ವಾಸನೆ ಬಂದರೆ ನಾನು ಇಂದಿಗೂ ಮೊದಲು ಕಿಟಕಿಯತ್ತ ನೋಡುತ್ತೇನೆ, ಯಾರಾದರೂ ಒಳಗೆ ಇಣುಕುತ್ತಿದ್ದಾರೆಯೇ ಎಂದು. ಗಲಗಲಿಯ ಹತ್ತಿರ ಕೃಷ್ಣೆಯ ದಡದಲ್ಲಿ ನಮ್ಮ ಮನೆಯಿತ್ತು. ಅಣೆಕಟ್ಟಿನ ಹಿನ್ನೀರು ಏರಿ, ಹೊಲದ ದಾರಿ ಮುಳುಗಿ, ನಾವು ಕೂತಲ್ಲೇ ನಡುಗಡ್ಡೆಯವರಾದೆವು. ಅಪ್ಪನ ತಾಯಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. 'ಮಂದಿ ಗಂಗಿ ನೋಡಾಕ ಕಾಶಿಗೆ ಹೊಕ್ಕಾರ, ನಮ್ಮ ಗಂಗಿ ತಾನ ಅಂಗಳಕ್ಕ ಬಂದಾಳ' ಎಂದು ಆಯಿ ನಗುತ್ತಿದ್ದಳು.

ಹಿನ್ನೀರಿಗೆ ಹಕ್ಕಿಗಳು ಬಂದವು, ಅವನ್ನು ನೋಡಲು ಜನ ಬಂದರು. ಅಪ್ಪನ ತಮ್ಮ, ನಮ್ಮ ಕಾಕಾ, ಅವರನ್ನು ದೋಣಿಯಲ್ಲಿ ಕರೆತರುತ್ತಿದ್ದ. ನಾವು ಕುರಿ ಸಾಕುವವರು; ನಮ್ಮ ಮನೆದೇವರು ಬೀರಪ್ಪನ ಒಕ್ಕಲಿನ ಅಂಗಳಕ್ಕೆ ಬಂದವರು ಉಣ್ಣದೆ ಹೋಗಕೂಡದೆಂಬುದು ಆಯಿಯ ಹಟ. ಹಾಗಾಗಿ ಅವಳೇ ಒಂದು ಕಟ್ಟಳೆ ಮಾಡಿದಳು. ಬೆಳಿಗ್ಗೆ ಬಡಿದ ರೊಟ್ಟಿ ಬುಟ್ಟಿಯಲ್ಲಿರುವ ತನಕ ಜನ ಬರಬಹುದು. ಬುಟ್ಟಿ ಬರಿದಾದರೆ ಅವಳ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಬೇವಿನ ಮರ ಏರುತ್ತಿತ್ತು. ಆಚೆ ದಡದಿಂದ ಅದನ್ನು ಕಂಡ ಕಾಕಾ ದೋಣಿ ಕಟ್ಟಿಹಾಕುತ್ತಿದ್ದ. ಮರ ಹತ್ತುವ ಕೆಲಸ ನನ್ನದು; ನನ್ನ ಜಂಬ ಕೇಳಬೇಡಿ. ಎರಡು ಚಳಿಗಾಲ ಕುರಿ, ಹಕ್ಕಿ, ಮಂದಿ ಎಲ್ಲರೂ ಹಾಗೆಯೇ ಹೊಂದಿಕೊಂಡಿದ್ದೆವು.

ಆಮೇಲೆ ಬೇರೆ ದಡದಿಂದ ಮಶೀನಿನ ದೋಣಿಗಳು ಶುರುವಾದವು. ಒಂದು ರವಿವಾರ ಸೆರಗು ಮರದ ಮೇಲಿದ್ದಾಗಲೇ ಮೂರು ದೋಣಿ ತುಂಬ ಜನ ಇಳಿದರು. ಆಯಿ ಅಂಗಳದಲ್ಲಿ ಕೈ ಅಡ್ಡ ಹಿಡಿದಳು. 'ರೊಟ್ಟಿ ತೀರ್ಯಾವ್ರಿ, ಮುಂದಿನ ವಾರ ಬರ್ರಿ.' ಟೋಪಿ ಹಾಕಿದ್ದವನೊಬ್ಬ ನಕ್ಕ: 'ರೊಟ್ಟಿ ಬ್ಯಾಡಬೇ ಯವ್ವಾ, ನಾವ ತಿನ್ನಾಕ ತಂದೇವಿ.' ಆಯಿಯ ಕೈ ಕೆಳಗಿಳಿಯಿತು. ರೊಟ್ಟಿ ಇಲ್ಲ ಎನ್ನುವುದೊಂದೇ ಅವಳಿಗೆ ಗೊತ್ತಿದ್ದ ತಡೆ.

ಅಲ್ಲಿಂದ ನಮ್ಮ ರವಿವಾರಗಳೆಲ್ಲ ಬಾಗಿಲ ಹಿಂದೆಯೇ. ಕುರಿಗಳನ್ನೂ ಒಳಗೆ ಕೂಡಿಹಾಕಿ, ಅಗಳಿ ಜಡಿದು, ಹಿಕ್ಕೆಯ ವಾಸನೆಯಲ್ಲಿ ಬೆವರುತ್ತ ಕೂರುತ್ತಿದ್ದೆವು. ಕಿಟಕಿಯಲ್ಲಿ ಮುಖಗಳು, ಕ್ಯಾಮೆರಾಗಳು. ತಪ್ಪಿಸಿಕೊಂಡು ಓಡೋಣವೆಂದರೆ ಸುತ್ತಲೂ ನೀರು. ಹುಟ್ಟಿದಾಗಿನಿಂದ ಒಂದು ರೊಟ್ಟಿಯನ್ನೂ ಹೊತ್ತಿಸದ ಆಯಿ ಆಗ ಕಿಟಕಿಗೆ ಬೆನ್ನು ಕೊಟ್ಟು ಕೂತು ಒಂದರ ಮೇಲೊಂದು ಹೊತ್ತಿಸಿದಳು. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸೋಮವಾರ ಮೇಯಲು ಬಿಟ್ಟ ಕುರಿಗಳು ಅವರು ಎಸೆದುಹೋದ ಪ್ಲಾಸ್ಟಿಕ್ ತಿಂದವು. ಹೊಟ್ಟೆಯುಬ್ಬಿ ಎರಡು ಸತ್ತವು, ಮತ್ತೆ ಮೂರು. 'ಇಲ್ಲಿದ್ರ ಹಟ್ಟಿ ಉಳಿಯಂಗಿಲ್ಲ, ನಡೀರಿ' ಎಂದ ಕಾಕಾ.

ಹೊರಟ ಬೆಳಿಗ್ಗೆ ಆಯಿ ಬುಟ್ಟಿಯ ರೊಟ್ಟಿಗಳನ್ನೆಲ್ಲ ನಮಗೇ ಹಂಚಿದಳು. ಬರಿ ಬುಟ್ಟಿ ಮಗುಚಿಟ್ಟು, ಸೆರಗು ನನ್ನ ಕೈಗೆ ಕೊಟ್ಟಳು.

'ಏರಸ್ ಬೇ.'

'ಯಾರೂ ನೋಡೂದಿಲ್ಲಲ್ಲ ಆಯಿ?'

'ನಾವರ ನೋಡ್ತೇವಲ್ಲ.'

ಆಯಿ ತೀರಿಕೊಂಡು ವರ್ಷಗಳಾದವು. ಮೊನ್ನೆ ಚಳಿಗಾಲದಲ್ಲಿ, ಮನಸ್ಸು ತಡೆಯದೆ, ನಾನೂ ನೋಡುವವರ ಜೊತೆ ದೋಣಿ ಹತ್ತಿದೆ. ಮನೆಯ ಗೋಡೆ ಕುಸಿದಿತ್ತು. ಬೇವು ಹಾಗೇ ಇತ್ತು. ಸೆರಗು ಎಂದೋ ಚಿಂದಿಯಾಗಿ ಹೋಗಿರಬೇಕು. 'ಇಳೀರಿ ಅಕ್ಕಾರ, ಫೋಟೋ ಛಲೋ ಬರ್ತಾವ' ಎಂದ ದೋಣಿಯವನು. ಎಲ್ಲರೂ ಇಳಿದರು. ನಾನು ಕೂತೇ ಇದ್ದೆ. ಆ ಸೆರಗು ಕಟ್ಟಿದವಳು ನಾನು, ಬಿಚ್ಚು ಎಂದು ಆಯಿ ಹೇಳಿರಲಿಲ್ಲ.