ಅತ್ತೆಯ ಕಣ್ಣು, ಕಾರಿನ ಕೆಂಪು ದೀಪ

ನಮ್ಮ ಅತ್ತೆಯ ಕಣ್ಣಿನ ಪೊರೆ ತೆಗೆಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಒಮ್ಮೆ ಶೀತ ಅಂದರು. ಇನ್ನೊಮ್ಮೆ ಹುಮನಾಬಾದಿನ ಆಸ್ಪತ್ರೆಯ ಮೆಟ್ಟಿಲವರೆಗೂ ಬಂದು, ಒಳಗೆ ಯಾರೋ ನರಳಿದ್ದು ಕೇಳಿ, ಹೊಳ್ಳಿ ಬಂದು ಕಾರಿನಲ್ಲಿ ಕೂತುಬಿಟ್ಟರು. ಆ ದಿನ ಬಸವಕಲ್ಯಾಣ ಮುಟ್ಟುವವರೆಗೆ ನಾನು ಅವರೊಂದಿಗೆ ಒಂದು ಮಾತೂ ಆಡಲಿಲ್ಲ. ಇನ್ನೂ ತಡಮಾಡಿದರೆ ಪೊರೆ ಬಲಿತು ಕೆಲಸ ಕಷ್ಟವಾಗುತ್ತದೆ ಎಂದು ಡಾಕ್ಟರು ನನ್ನನ್ನು ಬೇರೆ ಕರೆದು ಹೇಳಿದ್ದರು. ಒಂದು ಕಣ್ಣು ಪೂರ್ತಿ ಮಂಜು. ಇನ್ನೊಂದರಲ್ಲಿ ಬೆಳಕು, ಬಣ್ಣ ಬಿಟ್ಟರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ.

ಈ ಸಲ ಅವರೇ "ಹೂಂ, ನಡಿ" ಅಂದರು. ಯಾಕೆಂದು ಕೇಳಲು ಹೋಗಲಿಲ್ಲ. ಕೇಳಿದರೆ ಮನಸ್ಸು ಬದಲಾದೀತು. ಮುಂಜಾನೆಯೇ ಕಾರು ಹೊರಡಿಸಿದೆ. ಬಂಗ್ಲಾ ಕ್ರಾಸ್ ದಾಟಿ ಹೈವೇ ಹಿಡಿದು ಸ್ವಲ್ಪ ದೂರ ಹೋಗಿರಬೇಕು, ಮೀಟರಿನ ಮೇಲೆ ಬ್ಯಾಟರಿಯ ಚಿತ್ರ ಕೆಂಪಗೆ ಹತ್ತಿಕೊಂಡಿತು.

ಹಿಂದಿನ ವಾರ ಇದೇ ದೀಪ ಮಿಣುಕಿದಾಗ ಓಣಿಯವರೆಲ್ಲ ಒಂದೇ ಬಾಯಿಂದ ಬ್ಯಾಟರಿ ಹೋಗಿದೆ ಎಂದಿದ್ದರು. ಅವರ ಮಾತು ಕೇಳಿ ಹೊಸದು ಹಾಕಿಸಿದ್ದೆ. ಈಗ ನೋಡಿದರೆ ಹೊಸ ಬ್ಯಾಟರಿಗೂ ಅದೇ ರೋಗ! ಪಕ್ಕದಲ್ಲಿ ಅತ್ತೆ ಮಡಿಲಲ್ಲಿ ಎರಡೂ ಕೈ ಜೋಡಿಸಿ ಕೂತಿದ್ದರು. ಗಾಡಿ ಕೆಟ್ಟಿತೆಂದು ತಿಳಿದರೆ ಮುಗಿಯಿತು, ಶಕುನ ಸರಿಯಿಲ್ಲ ಎಂದು ಮನೆಗೆ ತಿರುಗಿಸುತ್ತಾರೆ. ಮತ್ತೆ ಜನ್ಮದಲ್ಲಿ ಹೊರಡುವುದಿಲ್ಲ. ಹೇಗೂ ಅವರಿಗೆ ಕಾಣುವುದಿಲ್ಲವಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಬದಿಗೆ ನಿಲ್ಲಿಸಿ, ಎಂಜಿನ್ ಹಾಗೇ ಬಿಟ್ಟು ಇಳಿದೆ.

"ಯಾಕ ನಿಂತಿ?"

"ಫೋನ್ ಬಂದದರಿ ಅತ್ತಿ."

ಬಂದಿರಲಿಲ್ಲ, ನಾನೇ ಹಚ್ಚಿದ್ದೆ. ಆ ಕಡೆ ಹುಮನಾಬಾದಿನ ನಮ್ಮ ಮೆಕ್ಯಾನಿಕ್.

"ಸ್ಟೇರಿಂಗ್ ಬಿಗಿ ಆಗ್ಯದೇನ್ರಿ ಅಕ್ಕಾ?"

"ಇಲ್ಲೋ ತಮ್ಮಾ."

"ಎಂಜಿನ್ ಗರಂ?"

"ಅದೂ ಇಲ್ಲ."

"ಹಂಗಾದ್ರ ಬೆಲ್ಟ್ ಹರದಿಲ್ಲ. ಡೈನಮೋ ಚಾರ್ಜ್ ಮಾಡವಲ್ದು. ಬ್ಯಾಟರಿದಾಗ ಎಷ್ಟ ಅದನೋ ಅಷ್ಟರ ಮ್ಯಾಲೇ ಗಾಡಿ ಓಡತದ. ಎಸಿ, ರೇಡಿಯೋ ಎಲ್ಲಾ ಬಂದ್ ಮಾಡಿ ಸೀದಾ ಬರ್ರಿ. ನಡುವ ಗಾಡಿ ಮಾತ್ರ ಬಂದ್ ಮಾಡಬ್ಯಾಡ್ರಿ, ಮತ್ತ ಚಾಲೂ ಆಗಂಗಿಲ್ಲ."

ಎಸಿ ಆರಿಸಿ, ಕಿಟಕಿ ಇಳಿಸಿದೆ. ಅತ್ತೆ ಏನಾದರೂ ಕೇಳಿಯಾರೆಂದು ಸುಮ್ಮನೆ ಮಾತಾಡುತ್ತಲೇ ಹೋದೆ. ತೊಗರಿ ಚೆನ್ನಾಗಿದೆ ಅಂದೆ, ಮಂಠಾಳದ ನಾದಿನಿಯ ಮಗಳ ಮದುವೆ ಸುದ್ದಿ ಎತ್ತಿದೆ, ಯಾರ ಮನೆಯಲ್ಲೋ ಎಮ್ಮೆ ಈದದ್ದನ್ನೂ ಹೇಳಿದೆ. ಅವರು "ಹೂಂ, ಹೂಂ" ಅನ್ನುತ್ತಿದ್ದರು. ಜೋಡಿಸಿದ ಕೈ ಬಿಡಲಿಲ್ಲ. ಪಾಪ, ಆಪರೇಷನ್ನಿನ ಹೆದರಿಕೆ ಅಂದುಕೊಂಡೆ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ನನ್ನ ಬೆನ್ನೆಲ್ಲ ಬೆವರು. ಎಂಜಿನ್ ಆರಿಸಿದೆ. ಪರೀಕ್ಷೆಗೆಂದು ಮತ್ತೆ ಕೀ ತಿರುಗಿಸಿದರೆ ಟಕ್ ಟಕ್ ಎಂದು ಸುಮ್ಮನಾಯಿತು. ಹಾಳಾಗಿ ಹೋಗಲಿ, ಮುಟ್ಟಿಸಿತಲ್ಲ, ಸಾಕು.

ಅತ್ತೆ ಆಪರೇಷನ್ನಿಗೆಂದು ಒಳಗಿದ್ದಾಗ ಮೆಕ್ಯಾನಿಕ್ ಬಂದ. ಬಾನೆಟ್ ಎತ್ತಿ, ಡೈನಮೋದ ಹಿಂದಿನ ಪ್ಲಗ್ ಕಿತ್ತು ನನ್ನ ಕಡೆ ಹಿಡಿದ. ಒಳಗೆಲ್ಲ ಹಸಿರು ಕಿಲುಬು, ಮೇಲೆ ಕುಂಕುಮದ ಅಂಟು, ತೆಂಗಿನ ನಾರು.

"ಇದರ ಮ್ಯಾಲ ಏನ್ ಸುರದೀರಿ?"

ಅಯ್ಯೋ ದೇವರೇ! ಸುರಿದವರು ಯಾರೆಂದು ಹೇಳಬೇಕೇ? ಪ್ರತಿ ಅಮಾವಾಸ್ಯೆಗೆ ಅತ್ತೆ ಕಾರಿಗೆ ಕಾಯಿ ಒಡೆಸುತ್ತಾರೆ. ಗಾಡಿಯ ಜೀವ ಇರುವುದು ಎಂಜಿನ್ನಿನಲ್ಲಿ ಎಂದು ಬಾನೆಟ್ ತೆಗೆಸಿ, ಅಲ್ಲಿಗೂ ಕುಂಕುಮ, ಅಲ್ಲಿಗೂ ಕಾಯಿ ನೀರು. ಸಿಟ್ಟು ನೆತ್ತಿಗೇರಿತು. ಈಗಲೇ ಒಳಗೆ ಹೋಗಿ ಜಾಡಿಸಿಬಿಡಬೇಕು ಅನ್ನಿಸಿತು.

ಆತ ಪ್ಲಗ್ಗನ್ನು ಉಜ್ಜಿ ಸ್ವಚ್ಛ ಮಾಡುವಾಗ ನೆನಪಾಯಿತು. ಮೊದಲು ಅವರು ಬೆರಳು ಅದ್ದಿ ನಾಲ್ಕು ಹನಿ ಚಿಮುಕಿಸುತ್ತಿದ್ದರು, ಅಷ್ಟೇ. ಇತ್ತೀಚೆಗೆ ತಂಬಿಗೆಯನ್ನೇ ಬಗ್ಗಿಸುತ್ತಿದ್ದರು. ಹನಿ ಬಿತ್ತೋ ಇಲ್ಲವೋ ಅವರಿಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲೇ ನಿಂತು ನೋಡುತ್ತಿದ್ದ ನನಗೆ ಭಕ್ತಿ ಜಾಸ್ತಿಯಾಗಿದೆ ಅನ್ನಿಸಿತ್ತು. ನನಗೆ ಅಳು ಬಂತು. ಮೆಕ್ಯಾನಿಕ್ ತನ್ನ ಬ್ಯಾಟರಿಗೆ ವೈರು ಜೋಡಿಸಿ ಗಾಡಿ ಚಾಲೂ ಮಾಡಿದ, ದೀಪ ಆರಿತು.

ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ಮೊದಲು ನೋಡಿದ್ದು ನನ್ನನ್ನು.

"ಅಯ್ಯ ಯವ್ವಾ, ಕೂದಲ ಎಷ್ಟ ಬೆಳ್ಳಗಾಗ್ಯಾವ ನಿಂದು!"

"ನಿಮ್ಮಿಂದಾನೇ ಆಗ್ಯಾವ್ರಿ."

ಕರಿ ಕನ್ನಡಕ ಹಾಕಿಸಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಕಾಯಿ ನೀರಿನ ಬಗ್ಗೆ ದಾರಿಯಲ್ಲಿ ಬೈಯಬೇಕೆಂದು ಮಾತು ಜೋಡಿಸಿಟ್ಟಿದ್ದೆ. ಕೀ ಅರ್ಧ ತಿರುಗಿಸಿದಾಗ ಮೀಟರಿನ ದೀಪಗಳೆಲ್ಲ ಎಂದಿನಂತೆ ಒಮ್ಮೆಲೇ ಹತ್ತಿದವು. ಅವರು ಕನ್ನಡಕ ಸ್ವಲ್ಪ ಎತ್ತಿ, ಬಾಗಿ, ಬ್ಯಾಟರಿಯ ಚಿತ್ರದ ಕಡೆ ಬೆರಳು ಮಾಡಿದರು.

"ನಿನ್ನಿ ದಾರಿ ತುಂಬ ಉರಿದಿದ್ದು ಇದ ಏನು?"

"ನಿಮಗ ಕಂಡಿತ್ತೇನ್ರಿ?"

"ಕೆಂಪು ಕಂಡಿತ್ತು. ಗಾಡಿ ನಿಂದ್ರಿಸಿದಿ, ಎಸಿ ಬಂದ್ ಮಾಡಿದಿ, ಎಮ್ಮಿ ಸುದ್ದಿ ಹೇಳಿದಿ. ಕಣ್ಣ ಇರಲಿಲ್ಲ ಖರೆ, ಕಿವಿ ಇದ್ದುವಲ್ಲ."

"ಮತ್ತ ಯಾಕ ಸುಮ್ಮ ಕುಂತ್ರಿ?"

"ನೀ ಹೇಳಿದ್ರ ನಾ ಹೊಳ್ಳಸು ಅಂತಿದ್ನೆವ್ವಾ. ಹೊಳ್ಳಾಕ ನಂಗೊಂದು ನೆಪ ಸಿಗ್ತಿತ್ತು. ನೀ ಹೇಳದಿರಲಿ ಅಂತ ಅಲ್ಲಿತನಕ ಕೈ ಮುಗ್ಯಾಕತ್ತಿದ್ದೆ."

ಕಾಯಿ ನೀರಿನ ಮಾತು ಅಲ್ಲಿಗೇ ಬಿಟ್ಟು ಎಂಜಿನ್ ಚಾಲೂ ಮಾಡಿದೆ. ನಾನಿನ್ನೂ ಅವರ ಮುಖವನ್ನೇ ನೋಡುತ್ತಿದ್ದೆ.

"ಆರಿತು ನೋಡು," ಎಂದು ಅವರೇ ಹೇಳಿದರು.